ಯಾರಿಗೆ ತೋರಿಸಿದೆ?

ಹೊರಮಾವು
11 ನವೆಂಬರ್ 2024

ಅಫ್ಜಲ್,

ಅಂಚೆಯಲ್ಲಿ ಬರೆಯುತ್ತಿದ್ದೇನೆ. ಫೋನು, ಮೇಲ್, ನಮ್ಮ ಪ್ರಾಜೆಕ್ಟಿನ ಚರ್ಚೆಯ ಪುಟ, ಎಲ್ಲವನ್ನೂ ನನ್ನ ಪಾಲಿಗೆ ಮುಚ್ಚಿದ್ದೀಯ. ನಿಮ್ಮ ತಕ್ಕಡಿ ಅಂಗಡಿಯ ವಿಳಾಸವನ್ನು ಮುಚ್ಚುವುದು ಮರೆತಿದ್ದೀಯ. ಇಲ್ಲಿನ ಅಂಚೆ ಕಚೇರಿ ಎಲ್ಲಿದೆಯೆಂದು ಹತ್ತು ವರ್ಷದಲ್ಲಿ ಮೊದಲ ಸಲ ವಿಚಾರಿಸಿದೆ. ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವನು ನನ್ನನ್ನು ಕನಿಕರದಿಂದ ನೋಡಿದ.

ವಿಷಯ ಚಿಕ್ಕದು. ನಮ್ಮ ‘ನಲ್ಲಿಗಂಟೆ’ಯನ್ನು ಇಂದಿರಾನಗರದ ಒಂದು ಸಂಸ್ಥೆ ವಹಿಸಿಕೊಳ್ಳಲು ಒಪ್ಪಿದೆ. ನೀನು ಮುಖ ಸಿಂಡರಿಸುವುದು ಇಲ್ಲಿಗೇ ಕಾಣುತ್ತದೆ. ಸಿಂಡರಿಸು. ಆದರೆ ಹಲಸೂರು, ಶಿವಾಜಿನಗರ, ಕೆ.ಆರ್. ಪುರದ ಯಾವ ಓಣಿಗೆ ಯಾವ ದಿನ ಎಷ್ಟು ಗಂಟೆಗೆ ನೀರು ಬಿಡುತ್ತಾರೆ ಎಂದು ತೋರಿಸುವ ಒಂದು ವೆಬ್‌ಸೈಟನ್ನು ಇಬ್ಬರು ಮಧ್ಯವಯಸ್ಕರು, ಈಗ ಒಬ್ಬನೇ, ಎಂಟು ವರ್ಷ ಬಿಡುವಿನ ವೇಳೆಯಲ್ಲಿ ನಡೆಸುವುದು ಸೇವೆಯಲ್ಲ, ಚಟ. ಓಪನ್ ಸೋರ್ಸ್ ಎಂದು ಹೆಮ್ಮೆಪಡುತ್ತಿದ್ದೆವು. ಯಾರು ಬೇಕಾದರೂ ತೆರೆದು ನೋಡಬಹುದಾದ, ಯಾರೂ ತೆರೆದು ನೋಡದ ಕೋಡ್.

ಸಂಸ್ಥೆಯ ಮುಖ್ಯಸ್ಥ ವಸಂತ್ ಎಂಬಾತ. ‘ಇಂಪ್ಯಾಕ್ಟ್’ ಎಂಬ ಪದವನ್ನು ಅರ್ಧ ಗಂಟೆಯಲ್ಲಿ ಹನ್ನೊಂದು ಸಲ ಬಳಸಿದ. ಅವರ ಯಂತ್ರ ಪ್ರತಿ ಬೆಳಿಗ್ಗೆ ಐದಕ್ಕೆ ತಾನಾಗಿ, ಪುಟಗಳನ್ನು ಕಟ್ಟುವ ನಮ್ಮ ಬಿಲ್ಡ್ ಸ್ಕ್ರಿಪ್ಟನ್ನು ಓಡಿಸುತ್ತದಂತೆ. ಓಡಿಸಿ ನೋಡಿದರು. ಅದು ನೀರು ಬಿಡುವ ಬೈಲಪ್ಪ ಕಳಿಸಿದ ಪಟ್ಟಿಯನ್ನು ಓದಿತು, ಓಣಿಗೊಂದು ಪುಟ ಕಟ್ಟಿತು, ನಾನು ಬರೆದ ತೊಂಬತ್ತು ಪರೀಕ್ಷೆಗಳನ್ನು ಮುಗಿಸಿತು. ಕೊನೆಗೆ 2016ರಲ್ಲಿ ನೀನು ಬರೆದ ಸಾಲಿಗೆ ಬಂದು ನಿಂತುಬಿಟ್ಟಿತು: ‘ಯಾರಿಗೆ ತೋರಿಸಿದೆ?’ ಒಂದು ಹೆಸರನ್ನು ಟೈಪ್ ಮಾಡುವವರೆಗೆ ಪುಟಗಳನ್ನು ಹೊರಗೆ ಬಿಡುವುದಿಲ್ಲವಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ಯಂತ್ರ ಆ ಪ್ರಶ್ನೆ ಕೇಳಿಕೊಂಡು ಇಡೀ ದಿನ ಕಾದಿದೆ.

“ಸಾರ್, ಇದು ಜೋಕಾ?” ಎಂದು ವಸಂತ್ ಕೇಳಿದ. ಹೌದು ಎಂದೆ.

ಸ್ಕ್ರಿಪ್ಟಿನ ಸಾಲು ತೆಗೆಯಲು ಇಬ್ಬರೂ ಒಪ್ಪಬೇಕು. ಅದೂ ನಿನ್ನದೇ ನಿಯಮ. ವರ್ಷ ಮುಗಿಯುವುದರೊಳಗೆ ‘ಒಪ್ಪಿದ್ದೇನೆ’ ಎಂದು ಒಂದು ಸಾಲು ಬರೆದು ಕಳಿಸು. ಹೆಚ್ಚೇನೂ ಬೇಡ. ನಿನ್ನ ಚಿಕ್ಕಪ್ಪ ಖಾದರ್ ಸಾಹೇಬರಿಗೆ ನಮಸ್ಕಾರ ತಿಳಿಸು. ನೀನು ರಿಪೇರಿ ಮಾಡಿದ ತಕ್ಕಡಿಗಳಾದರೂ ಸಮವಾಗಿ ತೂಗುತ್ತಿವೆಯೆಂದು ನಂಬಿದ್ದೇನೆ.

ಮಧುಕರ್


ಶಿವಾಜಿನಗರ
2 ಡಿಸೆಂಬರ್ 2024

ಮಧು,

ಒಪ್ಪಿಲ್ಲ.

ನೀನು ಕೇಳಿದ್ದು ಒಂದು ಸಾಲು, ಅದು ಮುಗಿಯಿತು. ಕಾಗದದಲ್ಲಿ ಜಾಗ ಉಳಿದಿದೆಯೆಂದು ಮುಂದಿನದನ್ನು ಬರೆಯುತ್ತಿದ್ದೇನೆ.

ನಿನ್ನ ಲಕೋಟೆಯನ್ನು ಖಾದರ್ ಚಿಚ್ಚಾ ತಿರುಗಿಸಿ ನೋಡಿ, “ಯಾರ್ದು ಶಾದಿ?” ಎಂದರು. ಅಂಚೆಯಲ್ಲಿ ಬರುವುದು ಈಗ ಮದುವೆಯ ಕರೆಯೋಲೆಯೊಂದೇ. ಮಧುದು ಎಂದೆ. “ಈ ವಯಸ್ನಲ್ಲಾ?” ಎಂದರು. ಶಾದಿಯಲ್ಲ, ಕಾಗದ ಎಂದು ಬಿಡಿಸಿ ಹೇಳಬೇಕಾಯಿತು.

ಆರು ಫೋನುಗಳು ಇನ್ನೂ ಅಂಗಡಿಯ ಹಲಗೆಯ ಮೇಲೆ, ತೂಕದ ಕಲ್ಲುಗಳ ಪಕ್ಕದಲ್ಲೇ ಇವೆ. ಗಾಜು ಒಡೆದದ್ದು, ಬೆನ್ನು ಉಬ್ಬಿದ್ದು, ರಬ್ಬರ್ ಬ್ಯಾಂಡು ತೆಗೆದರೆ ಎರಡು ಹೋಳಾಗುವುದು. ನಮ್ಮ ಪುಟ ನೋಡುವವರ ಕೈಯಲ್ಲಿರುವುದು ಅಂಥವೇ. ನಿನಗೆ ಮರೆತಿರಬಹುದು, ಹೇಳುತ್ತೇನೆ. ಮೊದಲು ನಮ್ಮ ಮಷೀನಿನಲ್ಲೇ ಬಿಲ್ಡ್ ಮಾಡಿ, ಆ ಪುಟವನ್ನು ಆರರಲ್ಲಿ ಒಂದಕ್ಕೆ ತುಂಬಿಕೊಂಡು ಮಾರ್ಕೆಟ್ಟಿಗೆ ಇಳಿಯುತ್ತಿದ್ದೆವು. ಸಿಕ್ಕವರ ಕೈಗೆ ಕೊಟ್ಟು, ಏನನ್ನೂ ವಿವರಿಸದೆ, ‘ನೀರು ಯಾವಾಗ?’ ಎಂದು ಕೇಳುತ್ತಿದ್ದೆವು. ಅವರು ಸರಿಯಾಗಿ ಹೇಳಿದರೆ ಅವರ ಹೆಸರು ಟೈಪ್ ಮಾಡಿ ಪುಟಗಳನ್ನು ಹೊರಗೆ ಬಿಡುತ್ತಿದ್ದೆವು. ತಪ್ಪು ಹೇಳಿದರೆ ತಪ್ಪು ಅವರದಲ್ಲ, ಪುಟದ್ದು ಎಂದು ತಿದ್ದಲು ವಾಪಸು ಬರುತ್ತಿದ್ದೆವು.

ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಬೀಳುತ್ತದೆ. ಬರುವ ಅಧಿಕಾರಿ ತನ್ನ ಕಲ್ಲು ಇಟ್ಟು ನೋಡುತ್ತಾನೆ, ನಮ್ಮ ಮುಖ ನೋಡುವುದಿಲ್ಲ.

‘ಹೆಸರುಗಳು’ ಎಂಬ ಫೈಲನ್ನು ತೆರೆ. 2022ರ ಮಾರ್ಚ್‌ವರೆಗೆ, ಅಂದರೆ ನಾನು ಬಿಡುವವರೆಗೆ, ಇನ್ನೂರ ಎಂಬತ್ತು ಜನರಿದ್ದಾರೆ. ಒಬ್ಬರ ಹೆಸರೂ ಎರಡು ಸಲ ಇಲ್ಲ. ಅಲ್ಲಿಂದ ಈಚೆಗೆ ಏನಿದೆ ನೋಡು. ನಾನು ನೋಡಿದ್ದೇನೆ. ನೀನೇ ಹೇಳಿದ ಹಾಗೆ, ತೆರೆದೇ ಇದೆ.

ಅಫ್ಜಲ್


ಹೊರಮಾವು
14 ಡಿಸೆಂಬರ್ 2024

ಅಫ್ಜಲ್,

ತೆರೆಯುವ ಅಗತ್ಯವಿಲ್ಲ. ಏನಿದೆಯೆಂದು ಗೊತ್ತು, ಬರೆದವನು ನಾನೇ. ಸಾಲಿನ ಮೇಲೆ ಸಾಲು ‘ದೊಡ್ಡಮುನಿಯಮ್ಮ’. ವಾರಕ್ಕೊಮ್ಮೆ ಪುಟ ಹೊರಬಿಡುವಾಗ ಫೈಲಿನ ಮೊದಲ ಸಾಲಿನಲ್ಲಿದ್ದ ಹೆಸರನ್ನು ಟೈಪ್ ಮಾಡುತ್ತ ಬಂದಿದ್ದೇನೆ. ಅಷ್ಟು ಉದ್ದದ ಹೆಸರನ್ನು ಆರಿಸಿಕೊಂಡದ್ದೇ ನಾನು ಮಾಡಿದ ತಪಸ್ಸು.

ಆಕೆ ನೆನಪಿದ್ದಾಳೆ. ಮಾರ್ಕೆಟ್ಟಿನ ಹಿಂದಿನ ಗೇಟಿನಲ್ಲಿ ಸೊಪ್ಪು ಮಾರುವವಳು, ಮನೆ ಹಲಸೂರು. ಮೊದಲ ದಿನ ನೀನು ಫೋನು ಕೈಗಿಟ್ಟಾಗ, “ಇದ್ರಲ್ ನೀರ್ ಬರುತ್ತಾ?” ಎಂದು ಅಲುಗಾಡಿಸಿ ನೋಡಿದ್ದಳು. ಅವಳಿಗಾಗಿ ನೀನು ಪುಟದಿಂದ ಅಕ್ಷರಗಳನ್ನೆಲ್ಲ ತೆಗೆದು, ಏಳು ದಿನಕ್ಕೆ ಏಳು ಚುಕ್ಕೆ, ಗಂಟೆಗೆ ಒಂದು ದೊಡ್ಡ ಅಂಕಿ ಇಟ್ಟೆ. ಓದು ಬಾರದ ಒಬ್ಬಳಿಗಾಗಿ ಓದುಬಲ್ಲ ಸಾವಿರ ಜನ ಚುಕ್ಕೆ ಎಣಿಸುವಂತಾಯಿತು. ಅದನ್ನು ನೀನು ವಿನ್ಯಾಸ ಎಂದೆ.

ಈಗ ನನ್ನ ಮಾತು ಕೇಳು. ನಿನ್ನ ಸ್ಕ್ರಿಪ್ಟು ಎರಡೂ ಮುಕ್ಕಾಲು ವರ್ಷದಿಂದ ನನ್ನ ಸುಳ್ಳನ್ನು ಒಪ್ಪಿಕೊಳ್ಳುತ್ತಿದೆ. ಒಮ್ಮೆಯೂ ‘ನಿಜವಾ?’ ಎಂದು ಕೇಳಿಲ್ಲ. ಬಾಯಿಮಾತನ್ನು ನಂಬುವ ಪರೀಕ್ಷೆ ಪರೀಕ್ಷೆಯಲ್ಲ, ಪ್ರಾರ್ಥನೆ. ನನ್ನ ತೊಂಬತ್ತು ಪರೀಕ್ಷೆಗಳು ಯಾರ ಮಾತನ್ನೂ ನಂಬುವುದಿಲ್ಲ. ಪುಟದಲ್ಲಿ ಗಂಟೆ ಇದೆಯೋ ಇಲ್ಲವೋ, ಬೈಲಪ್ಪನ ಪಟ್ಟಿಯದೇ ಗಂಟೆಯೋ ಅಲ್ಲವೋ, ಅಷ್ಟನ್ನೇ ನೋಡುತ್ತವೆ.

ನಿನ್ನ ಒಪ್ಪಿಗೆಯೂ ಬೇಕಿಲ್ಲವೆಂದು ಹೊಳೆಯಿತು. ಸ್ಕ್ರಿಪ್ಟಿನ ಒಂದು ಅಕ್ಷರವನ್ನೂ ಮುಟ್ಟುವುದಿಲ್ಲ. ಪ್ರಶ್ನೆ ಬಂದಾಗ ಸಂಸ್ಥೆಯ ಯಂತ್ರವೇ ಆ ಹೆಸರನ್ನು ಉತ್ತರವಾಗಿ ಕೊಡುವಂತೆ ಮಾಡುತ್ತೇನೆ. ನಿಯಮ ಮುರಿಯಲಿಲ್ಲ, ಪ್ರಶ್ನೆ ಉಳಿಯಿತು, ಉತ್ತರವೂ ದೊರೆಯಿತು. ನಿನಗೆ ಇದಕ್ಕಿಂತ ಹೆಚ್ಚಿನ ಗೌರವ ತೋರಿಸುವುದು ನನ್ನಿಂದಾಗದು.

ಸೈಟಿನ ವಿಳಾಸ ನಿನ್ನ ಹೆಸರಿನಲ್ಲೇ ಇದೆ. ಅದನ್ನು ಅವರ ಯಂತ್ರದ ಕಡೆಗೆ ತಿರುಗಿಸಿಕೊಡು. ಹತ್ತು ನಿಮಿಷದ ಕೆಲಸ.

ಮಧುಕರ್


ಶಿವಾಜಿನಗರ
6 ಜನವರಿ 2025
(ಪೋಸ್ಟ್ ಕಾರ್ಡ್)

ಮಧು,

ತಿರುಗಿಸಿದ್ದೇನೆ.

ಮಾರ್ಚ್ 2022ರಲ್ಲಿ ಆಫೀಸು ನಿನ್ನ ತಂಡದಿಂದ ಮೂರು ಜನರನ್ನು ಮನೆಗೆ ಕಳಿಸಲು ಮೂರು ಹೆಸರು ಕೇಳಿತು. ಒಂದೇ ಮಧ್ಯಾಹ್ನದಲ್ಲಿ ಬರೆದುಕೊಟ್ಟೆಯಂತೆ. ಹೆಸರು ಬರೆಯುವುದರಲ್ಲಿ ನೀನು ಯಾವಾಗಲೂ ಧಾರಾಳಿ.

ಆ ಹೆಂಗಸಿಗೆ ತಿಳಿಸಿದ್ದೀಯಾ?

ಅಫ್ಜಲ್


ಹೊರಮಾವು
3 ಫೆಬ್ರವರಿ 2025

ಅಫ್ಜಲ್,

ಮೊನ್ನೆ ಶನಿವಾರ ಹಸ್ತಾಂತರ ಆಯಿತು. ನೂರಡಿ ರಸ್ತೆಯಲ್ಲಿ ಯಾರದೋ ಅಜ್ಜ ಕಟ್ಟಿಸಿದ ಬಂಗಲೆ, ಈಗ ರೆಸ್ಟೊರೆಂಟು. ಪೂಜೆಯ ಕೋಣೆಯಿದ್ದ ಜಾಗದಲ್ಲಿ ಬಿಯರ್ ಕುದಿಸುವ ತಾಮ್ರದ ಹಂಡೆ. ನೀರಿನ ಬಗ್ಗೆ ಐದು ಜನ ಮಾತಾಡಿದರು. ಪ್ರತಿ ಕುರ್ಚಿಯ ಮುಂದೆ ಗಾಜಿನ ಬಾಟಲಿಯಲ್ಲಿ ನೀರಿಟ್ಟಿದ್ದರು. ಎಲ್ಲರೂ ಎರಡು ಗುಟುಕು ಕುಡಿದು ಬಿಟ್ಟು ಹೋದರು.

ವಸಂತ್ ನನ್ನನ್ನು “ಸಮುದಾಯದ ದನಿ” ಎಂದು ಪರಿಚಯಿಸಿದ. ನಾನು ಹೊರಮಾವಿನ ಹನ್ನೊಂದನೇ ಮಹಡಿಯಲ್ಲಿದ್ದೇನೆ, ನಮ್ಮದು ಟ್ಯಾಂಕರ್ ನೀರು, ನಮ್ಮ ಪುಟವನ್ನು ನನಗೋಸ್ಕರ ಒಮ್ಮೆಯೂ ತೆರೆದವನಲ್ಲ. ಚಪ್ಪಾಳೆ ತಟ್ಟಿದರು. ನಿನ್ನ ಹೆಸರನ್ನೂ ಹೇಳಿದರು, ‘ಅಫ್ರೋಜ್’ ಎಂದು. ತಿದ್ದಲಿಲ್ಲ. ನಿನಗೆಂದು ಇಟ್ಟಿದ್ದ ಕುರ್ಚಿಯಲ್ಲಿ ಒಬ್ಬಳು ತನ್ನ ಹೆಲ್ಮೆಟ್ ಇಟ್ಟಳು.

ಯಂತ್ರ ಓಡುತ್ತಿದೆ. ಬೆಳಿಗ್ಗೆ ಐದಕ್ಕೆ ಬಿಲ್ಡ್ ಆಗಿ, ತೊಂಬತ್ತೂ ಪರೀಕ್ಷೆ ಪಾಸಾಗಿ, ಐದೂ ಎರಡಕ್ಕೆ ಹೆಸರು ದಾಖಲಾಗುತ್ತಿದೆ. ಬದಲಾವಣೆ ಒಂದೇ: ಪುಟದ ಅಡಿಯಲ್ಲಿ ಸಂಸ್ಥೆಯ ಹೆಸರಿರುವ ನೀಲಿ ಪಟ್ಟೆ. ಒಪ್ಪಂದದಲ್ಲಿ ಅದು ಇದೆ. ಕಣ್ಣಿಗೆ ಹಿತವಾಗಿಲ್ಲ, ಯಾರನ್ನೂ ಕೊಲ್ಲುವುದೂ ಇಲ್ಲ.

ಕಾರ್ಡಿನ ಪ್ರಶ್ನೆಗೆ: ತಿಳಿಸಿಲ್ಲ. ತಿಳಿಸಲು ಏನಿದೆ?

ಮಧುಕರ್


ಶಿವಾಜಿನಗರ
17 ಮಾರ್ಚ್ 2025

ಮಧು,

ರಂಜಾನಿನ ರೋಜಾ ಇದ್ದೇನೆ, ಗಂಟಲು ಒಣಗಿದೆ. ಅಷ್ಟರಮಟ್ಟಿಗೆ ಮಾತು ಕಡಿಮೆ.

ಶನಿವಾರ ದೊಡ್ಡಮುನಿಯಮ್ಮ ಅಂಗಡಿಗೆ ಬಂದರು. ಬಲಗೈಗೆ ಕಟ್ಟು. ಎಡಗೈಯಲ್ಲಿ ಎತ್ತಲು ಹಗುರವಾದ ತಕ್ಕಡಿ ಸಿಗುತ್ತದಾ ಎಂದು ಕೇಳಲು ಬಂದಿದ್ದರು. ಏನಾಯಿತೆಂದು ಚಿಚ್ಚಾ ಕೇಳಿದರು. “ಏನಿಲ್ಲ ಸಾಬ್ರೇ, ಫೋನ್ ನೋಡಿ ಬಿದ್ದೆ” ಎಂದರು.

ಅವರ ಓಣಿಯಲ್ಲಿ ಮಂಗಳವಾರ, ಶುಕ್ರವಾರ ನೀರು. ಚಳಿಗಾಲವೆಲ್ಲ ಮಧ್ಯಾಹ್ನ ಮೂರಕ್ಕೆ ಬಿಡುತ್ತಿದ್ದರು. ಅದು ಬಾಯಿಪಾಠ, ಪುಟ ನೋಡುವ ಅಗತ್ಯವಿರಲಿಲ್ಲ. ಬೇಸಿಗೆಯೆಂದು ಮಾರ್ಚ್ ಒಂದರಿಂದ ಬೈಲಪ್ಪ ಅದನ್ನು ಬೆಳಿಗ್ಗೆ ಹನ್ನೊಂದಕ್ಕೆ ತಂದ. ಗಂಟೆ ಬದಲಾಗಿದೆಯಂತೆ ಎಂದು ಯಾರೋ ಹೇಳಿದ್ದಕ್ಕೆ ಇವರು ಫೋನು ತೆರೆದು ನೋಡಿದ್ದಾರೆ. ಎರಡನೇ ಚುಕ್ಕೆ ಕಂಡಿದೆ, ಐದನೇ ಚುಕ್ಕೆ ಕಂಡಿದೆ. ಅಂಕಿ ಕಂಡಿಲ್ಲ. ಅಂಕಿ ಇಲ್ಲವೆಂದರೆ ಹಳೆಯ ಗಂಟೆಯೇ ಇರಬೇಕು ಎಂದುಕೊಂಡು, ನಾಲ್ಕನೇ ತಾರೀಕು ಮಂಗಳವಾರ ಮಾರ್ಕೆಟ್ಟಿನಿಂದ ಎರಡಕ್ಕೆ ಮನೆಗೆ ಹೋಗಿದ್ದಾರೆ. ನಲ್ಲಿ ಬಂದು ನಿಂತು ಎರಡು ಗಂಟೆಯಾಗಿತ್ತು. ಶುಕ್ರವಾರವೂ ಹಾಗೇ. ಅಷ್ಟು ಹೊತ್ತಿಗೆ ಡ್ರಮ್ಮು ಬರಿದಾಗಿತ್ತು. ಮನೆಯಲ್ಲಿ ಸೊಸೆ ಬಾಣಂತಿ, ಹದಿನೆಂಟು ದಿನದ ಕೂಸು. ಶನಿವಾರ ಪಕ್ಕದ ಮನೆಯ ಬೋರಿನಿಂದ ಬಿಂದಿಗೆ ಹೊತ್ತು ಮೆಟ್ಟಿಲು ಹತ್ತುವಾಗ ಜಾರಿದ್ದಾರೆ. ಮಣಿಕಟ್ಟು ಎರಡು ಕಡೆ ಮುರಿದಿದೆ.

ಅವರ ಫೋನನ್ನು ಇಸಿದುಕೊಂಡು ನೋಡಿದೆ. ನಿನ್ನ ನೀಲಿ ಪಟ್ಟೆ ದೊಡ್ಡ ಫೋನುಗಳಲ್ಲಿ ಅಡಿಯಲ್ಲಿ ಕೂರುತ್ತದೆ. ಚಿಕ್ಕದರಲ್ಲಿ ಸರಿಯಾಗಿ ಅಂಕಿಯ ಮೇಲೆ ಬಂದು ಕೂರುತ್ತದೆ. ನಿನ್ನ ಪರೀಕ್ಷೆಗಳನ್ನು ಬೈಯುವುದಿಲ್ಲ. ಗಂಟೆ ಪುಟದಲ್ಲಿ ಇದೆಯೇ ಎಂದು ಅವು ಕೇಳಿದವು. ಇದೆ. ಪಟ್ಟೆಯ ಹಿಂದೆ ಇದೆ.

ಆಮೇಲೆ ಫೈಲು ತೆರೆದು ಅವರಿಗೆ ಓದಿ ಹೇಳಿದೆ. ಮಾರ್ಚ್ ನಾಲ್ಕು, ಬೆಳಿಗ್ಗೆ ಐದೂ ಎರಡು: ದೊಡ್ಡಮುನಿಯಮ್ಮ ನೋಡಿದರು. ಮಾರ್ಚ್ ಏಳು, ಐದೂ ಎರಡು: ದೊಡ್ಡಮುನಿಯಮ್ಮ ನೋಡಿದರು. ಬಿದ್ದ ದಿನವೂ ನೋಡಿದರು.

“ನಾನ್ ಯಾವಾಗ್ ನೋಡ್ದೆ?” ಎಂದರು. “ಯಾರು ಹೇಳಿದ್ದು ನಾನ್ ನೋಡ್ದೆ ಅಂತ?”

ಸ್ನೇಹಿತ ಎಂದೆ. ಆ ಪದ ಬಳಸಿ ಬಹಳ ದಿನವಾಗಿತ್ತು.

ನಿನ್ನೆ ವಿಳಾಸವನ್ನು ಅಂಗಡಿಯ ಹಳೆಯ ಮಷೀನಿನ ಕಡೆಗೆ ತಿರುಗಿಸಿದ್ದೇನೆ. ಪಟ್ಟೆಯಿಲ್ಲದ ಪುಟ, ಮಾರ್ಚಿನ ಗಂಟೆಗಳೊಂದಿಗೆ ಒಂದು ಸಲ ಬಿಲ್ಡ್ ಮಾಡಿ ಹೊರಗೆ ಬಿಟ್ಟಿದ್ದೇನೆ. ಹೆಸರು ಬರೆಯಲಿಲ್ಲ, ಸ್ಕ್ರಿಪ್ಟನ್ನು ಬದಿಗಿಟ್ಟು ಕೈಯಿಂದ ಕಳಿಸಿದೆ. ನನ್ನ ನಿಯಮವನ್ನು ನಾನೇ ಮುರಿದೆನೆಂದು ನಗು. ಏಪ್ರಿಲ್ ಒಂದಕ್ಕೆ ಪಟ್ಟಿ ಮತ್ತೆ ಬದಲಾಗುತ್ತದೆ. ಅಷ್ಟರೊಳಗೆ ಯಾರಾದರೂ ಬಿಲ್ಡ್ ಮಾಡಬೇಕು, ಯಾರಿಗಾದರೂ ತೋರಿಸಬೇಕು. ಇಲ್ಲದಿದ್ದರೆ ಎಲ್ಲ ಓಣಿಗಳಿಗೂ ತಪ್ಪು ಗಂಟೆ. ನಾನು ಮಾಡುವುದಿಲ್ಲ. ನಾನು ತಕ್ಕಡಿ ರಿಪೇರಿ ಮಾಡುವವನು.

ಅಫ್ಜಲ್


ಹೊರಮಾವು
14 ಏಪ್ರಿಲ್ 2025

ಅಫ್ಜಲ್,

ಪಟ್ಟೆ ತೆಗೆಯಿರಿ ಎಂದು ವಸಂತನಿಗೆ ಫೋನು ಮಾಡಿದೆ. “ಕಂಪ್ಲೇಂಟ್ ಟಿಕೆಟ್ ಹಾಕಿ ಸಾರ್, ಮುಂದಿನ ತಿಂಗಳು ನೋಡೋಣ” ಎಂದ. ಕೈ ಮುರಿದದ್ದನ್ನು ಹೇಳಿದೆ. ಅದನ್ನು ಬರೆದುಕೊಡಬಹುದಾ, ಫೋಟೊ ಇದ್ದರೆ ಒಳ್ಳೆಯದು ಎಂದ. ಸಂಸ್ಥೆಯ ಸಹವಾಸ ಅಲ್ಲಿಗೆ ಮುಗಿಯಿತು. ಅವನ ಬಗ್ಗೆ ಹೆಚ್ಚು ಬರೆಯಲು ಹೋದರೆ ಯಾಕೋ ನನ್ನದೇ ಅಕ್ಷರ ಕಾಣಿಸುತ್ತದೆ.

ಮಾರ್ಚ್ ಇಪ್ಪತ್ತೊಂಬತ್ತರ ಸಂಜೆ ಅಂಗಡಿಗೆ ಬಂದಿದ್ದೆ. ನೀನು ನಮಾಜಿಗೆ ಹೋಗಿದ್ದೆ, ಅಥವಾ ಹಾಗೆ ಹೇಳಲು ಹೇಳಿದ್ದೆ. ಖಾದರ್ ಸಾಹೇಬರು ಏನೂ ಕೇಳದೆ ಆರು ಫೋನುಗಳನ್ನೂ ಸೊಪ್ಪಿನ ಚೀಲವೊಂದಕ್ಕೆ ಸುರಿದರು. “ಅವ್ನು ಇಲ್ದೆ ಇರೋ ಟೈಮ್ ನೋಡ್ಕೊಂಡೇ ಬರ್ತೀಯಲ್ಲ, ಗಡಿಯಾರಾನಾ ನೀನು?” ಎಂದರು.

ಮರುದಿನ ಯುಗಾದಿ. ಹಲಸೂರಿಗೆ ಹೋದೆ. ಬೋರಿನ ಮನೆಯ ಪಕ್ಕದ ಆ ಮೆಟ್ಟಿಲು ಎಲ್ಲಿದೆಯೆಂದು ಯಾರೂ ತೋರಿಸಬೇಕಾಗಲಿಲ್ಲ. ದೊಡ್ಡಮುನಿಯಮ್ಮ ಹೊಸ್ತಿಲಲ್ಲಿ ಕೂತಿದ್ದರು. ಒಳಗೆ ಸೊಸೆ ಕಾವೇರಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು.

“ನೀನೇನಾ ಅದು?” ಎಂದರು.

ನಾನೇ ಎಂದೆ.

“ಬೆಳಗ್ಗೆ ಐದಕ್ಕೆ ಸೊಪ್ಪು ಇಳಿಸ್ಕೊಳ್ತಾ ಇರ್ತೀನಿ ಕಣಪ್ಪಾ. ಆ ಹೊತ್ನಲ್ಲಿ ನಿನ್ ಫೋನ್ ನೋಡ್ಕೊಂಡ್ ಕೂತಿರ್ತೀನಾ? ಸುಳ್ ಬರಿಯೋನು ಹೊತ್ತಾದ್ರೂ ನೋಡಿ ಬರೀಬಾರ್ದಾ?”

ಕ್ಷಮೆ ಕೇಳಲು ಒಂದು ವಾಕ್ಯ ಸಿದ್ಧಮಾಡಿಕೊಂಡು ಹೋಗಿದ್ದೆ. ಅದು ಅಲ್ಲಿ ಹೇಳುವಂಥದ್ದಾಗಿರಲಿಲ್ಲ. ಫೋನನ್ನು ಕೈಗೆ ಕೊಟ್ಟು, ನೀರು ಯಾವಾಗ ಎಂದು ಕೇಳಿದೆ. ಎಡಗೈಯಲ್ಲಿ ಹಿಡಿದರು. ಹೆಬ್ಬೆರಳು ನೇರವಾಗಿ ಅಂಕಿಯ ಮೇಲೆ ಬಂತು.

“ಎಲ್ಲಿದೆ?” ಎಂದರು.

ಮೆಟ್ಟಿಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಂಕಿಯನ್ನು ಮೇಲಕ್ಕೆ ಸರಿಸಿ ಮತ್ತೆ ಬಿಲ್ಡ್ ಮಾಡಿದೆ. ಈ ಸಲ ಚುಕ್ಕೆಗಳು ಹೆಬ್ಬೆರಳಿನಡಿಗೆ ಹೋದವು. ಮೂರನೆಯ ಸಲಕ್ಕೆ ಸರಿಹೋಯಿತು. ಅಷ್ಟು ಹೊತ್ತಿಗೆ ನನ್ನ ಪಕ್ಕದಲ್ಲಿ ಒಂದು ತಟ್ಟೆಯಲ್ಲಿ ಬೇವುಬೆಲ್ಲ ಬಂದಿತ್ತು. ಬೇವೇ ಹೆಚ್ಚಿತ್ತು.

“ಹತ್ತು” ಎಂದರು. “ಎರಡ್ನೇ ಚುಕ್ಕೆ, ಐದ್ನೇ ಚುಕ್ಕೆ. ಈ ತಿಂಗ್ಳು ಹನ್ನೊಂದಿತ್ತಲ್ಲ, ಆ ಬೈಲಪ್ಪಂಗೆ ಬೇರೆ ಕೆಲ್ಸ ಇಲ್ವಾ?”

ಸ್ಕ್ರಿಪ್ಟು ಕೇಳಿತು. ಟೈಪ್ ಮಾಡಲು ಹೋದೆ. ಪರದೆ ಓದಲು ಬಾರದಿದ್ದರೂ ಏನು ಮಾಡುತ್ತಿದ್ದೇನೆಂದು ಅವರಿಗೆ ತಿಳಿಯಿತು.

“ನನ್ ಹೆಸ್ರು ಹಾಕ್ಬೇಡ. ಇದುವರ್ಗೂ ಎಷ್ಟ್ ಸಲ ಹಾಕಿದ್ದೀಯಾ?”

ಎಣಿಸಿದ್ದೆ. ನಾನು ಕೈಯಿಂದ ಬರೆದದ್ದು ನೂರ ನಲವತ್ತಮೂರು, ಯಂತ್ರ ಬರೆದದ್ದು ನಲವತ್ತನಾಲ್ಕು. ನೂರ ಎಂಬತ್ತೇಳು ಎಂದೆ.

“ಬಂದು ತೋರ್ಸಿದ್ದು?”

“ಇವತ್ತು ಒಂದ್ಸಲ.”

“ಹಂಗಾದ್ರೆ ಮೊದ್ಲು ಅಷ್ಟೂ ಸಲ ಬಂದ್ ತೋರ್ಸು. ಆಮೇಲೆ ಹೊಸ್ದಾಗಿ ಬರ್ಯೋವಂತೆ.”

ಒಳಗಿನಿಂದ ಸೊಸೆ, ಎಣ್ಣೆಕೈಯಲ್ಲೇ ಫೋನು ಇಸಿದುಕೊಂಡು ನೋಡಿ, ಹತ್ತು ಎಂದಳು. ನನ್ನ ಹೆಸರು ಹಾಕಿಕೊಳ್ಳಿ ಎಂದಳು. ನಾನೂರ ಅರವತ್ತೆಂಟನೆಯ ಸಾಲು: ಕಾವೇರಿ. ಫೋನಿನ ಗಾಜಿನ ಮೇಲೆ ಎಣ್ಣೆಯ ಗುರುತು ಇನ್ನೂ ಇದೆ. ಒರೆಸಿಲ್ಲ.

ಏಪ್ರಿಲ್ ಒಂದನೆಯ ತಾರೀಕು, ಮಂಗಳವಾರ, ಹತ್ತಕ್ಕೆ ನೀರು ಬಂತಂತೆ. ಆಮೇಲಿನ ವಾರಗಳಲ್ಲೂ ಭಾನುವಾರ ಹೋಗಿ ತೋರಿಸಿ, ಓಣಿಯಲ್ಲಿ ಇನ್ನೊಬ್ಬರಿಗೆ ತೋರಿಸಿ ಅವರ ಹೆಸರು ಬರೆದಿದ್ದೇನೆ. ಇಲ್ಲಿಗೆ ಮೂರು ಸಲ ಆಯಿತು. ವಾರಕ್ಕೊಂದು ಎಂದರೆ ಪೂರ್ತಿಯಾಗಲು ಮೂರೂವರೆ ವರ್ಷ. ಅವರಿಗೆ ಅರವತ್ತೆಂಟು, ನನಗೆ ಐವತ್ತೊಂದು. ಎಷ್ಟು ಮೂರ್ಖತನದ ವ್ಯವಸ್ಥೆ ಎಂದು ಮೆಟ್ರೊದಲ್ಲಿ ಬರುವಾಗೆಲ್ಲ ಯೋಚಿಸುತ್ತೇನೆ.

ಆ ಮೂರು ಹೆಸರುಗಳ ವಿಷಯ. ನಿನ್ನದನ್ನು ಕೊನೆಗೆ ಬರೆದೆ. ಬರೆಯುವ ಮುಂಚೆ ಕೆಳಗಿಳಿದು, ಗರುಡಾಚಾರ್‌ಪಾಳ್ಯದ ಆಫೀಸಿನ ಗೇಟಿನ ಎದುರಿಗೆ, ನಾವು ನಿಲ್ಲುತ್ತಿದ್ದಲ್ಲೇ ನಿಂತು ಟೀ ಕುಡಿದು ಬಂದೆ. ನೀನು ಆಗ ಮೂರನೇ ಮಹಡಿಯಲ್ಲೇ ಇದ್ದೆ. ಕಳಿಸುವ ಮೊದಲು ನಿನಗೆ ತೋರಿಸಬೇಕಿತ್ತು.

ಮಧುಕರ್


ಶಿವಾಜಿನಗರ
22 ಏಪ್ರಿಲ್ 2025
(ಪೋಸ್ಟ್ ಕಾರ್ಡ್)

ಮಧು,

ನೀನು ಮೂರು ಎಂದು ಬರೆದಿದ್ದೆ. ಕಾರ್ಡು ಹಾಕುವ ಮುಂಚೆ ಮಾರ್ಕೆಟ್ಟಿಗೆ ಇಳಿದು ದೊಡ್ಡಮುನಿಯಮ್ಮನವರನ್ನು ಕೇಳಿದೆ. ನಿನ್ನ ಕಾಗದದ ಹೊತ್ತಿಗೆ ಆಗಿದ್ದದ್ದು ಎರಡೇ ಅಂತೆ. ಆರನೇ ತಾರೀಕು ಅವರು ಮಲಗಿದ್ದರು, ಏಳುವವರೆಗೆ ನೀನು ಕಾಯಲಿಲ್ಲ. ಇಪ್ಪತ್ತನೆಯ ತಾರೀಕಿನದನ್ನು ಸೇರಿಸಿದರೆ ಈಗ ಮೂರು.

ಒಡೆದ ಗಾಜಿನ ಫೋನಿನ ಚಾರ್ಜರು ಚೀಲಕ್ಕೆ ಹಾಕುವುದು ಚಿಚ್ಚಾ ಮರೆತಿದ್ದಾರೆ. ನಾನು ಅಂಗಡಿಯಲ್ಲಿರುವ ಹೊತ್ತು ಹತ್ತರಿಂದ ಒಂದು. ತಪ್ಪಿಸಿಕೊಳ್ಳಲು ಅನುಕೂಲವಾಗಲೆಂದು ತಿಳಿಸಿದ್ದೇನೆ.

ಇನ್ನು ನೂರ ಎಂಬತ್ತನಾಲ್ಕು.

ಅಫ್ಜಲ್